ಎಡಗೈ ತುಂಬ ಹಸಿರು ಬಳೆ

ಎಡಗೈಯಲ್ಲಿ ಒಂದು ಡಜನ್ ಹಸಿರು ಗಾಜಿನ ಬಳೆ, ಬಲಗೈಯಲ್ಲಿ ಎರಡೇ ಎರಡು. ಅಜ್ಜಿಯ ಕೈಗಳು ನನಗೆ ನೆನಪಿರುವುದು ಹಾಗೆ. ಸಗಣಿ ಬಾಚುವ, ಸೌದೆ ಮುರಿಯುವ, ಮುದ್ದೆ ತಿರುವುವ ಬಲಗೈಯಲ್ಲಿ ಬಳೆ ನಿಲ್ಲುತ್ತಿರಲಿಲ್ಲವಂತೆ. ಒಡೆದೊಡೆದು ಬೇಸರವಾಗಿ ಎಲ್ಲವನ್ನೂ ಎಡಗೈಗೇ ಏರಿಸಿಬಿಟ್ಟಿದ್ದಳು. "ಇದು ಗೇಯೋ ಕೈ, ಇದು ಮೆರೆಯೋ ಕೈ ಕಣವ್ವ," ಎಂದು ಎರಡನ್ನೂ ನನ್ನ ಮುಂದೆ ಚಾಚಿ ನಕ್ಕಿದ್ದಳು. ಬಳೆ ನೋಡಿ ನಾನೂ ನಕ್ಕೆ. ಅದರ ಸದ್ದಿನ ಕಡೆ ಗಮನ ಕೊಡಬೇಕೆಂದು ಹೊಳೆಯಲಿಲ್ಲ.

ಆಗ ನಾನು ಡಿಗ್ರಿ ಮುಗಿಸಿ ಕೆ.ಎಂ.ದೊಡ್ಡಿಯ ನಮ್ಮ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ದೊಡ್ಡ ಊರಿನ ಸಂಸ್ಥೆಯೊಂದು ನಮ್ಮ ಕಡೆಯ ಹಳ್ಳಿಗಳಲ್ಲಿ ಎರಡು ವರ್ಷದ ಆಸುಪಾಸಿನ ಮಕ್ಕಳ ಬಗ್ಗೆ ಅಧ್ಯಯನ ಶುರು ಮಾಡಿತ್ತು. ಹೆಸರು ಕರೆದರೆ ತಿರುಗದಿರುವುದು, ಬೆರಳು ತೋರಿಸಿ ಕೇಳದಿರುವುದು, ಮುಖ ನೋಡದಿರುವುದು, ಇಂಥವುಗಳಿಂದ ಆಟಿಸಂ ಅನ್ನು ಎಳವೆಯಲ್ಲೇ ಗುರುತಿಸಬಹುದೇ ಎಂದು ಅವರು ನೋಡುತ್ತಿದ್ದರು. ಲಕ್ಷಣ ಕಂಡ ಮಕ್ಕಳಿಗೆ ಡಾಕ್ಟರ ತಪಾಸಣೆ, ಉಳಿದವರಿಗೆ ವರ್ಷ ಕಳೆದ ಮೇಲೆ ಇನ್ನೊಂದು ಭೇಟಿ. ಮನೆಮನೆಗೆ ಹೋಗಿ ಕೇಳುವ ಕೆಲಸ ನಮ್ಮದು. ಒಂದು ಟ್ಯಾಬು, ಒಂದು ಚೀಲ ಆಟದ ಸಾಮಾನು, ಐದು ದಿನದ ತರಬೇತಿ ಕೊಟ್ಟರು. ತರಬೇತಿಯಲ್ಲಿ ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: "ನೀವು ಡಾಕ್ಟರಲ್ಲ. ಮಗುವಿನ ಬಗ್ಗೆ ನಿಮಗೆ ಏನನ್ನಿಸಿತು ಅಂತ ಮನೆಯವರಿಗೆ ಹೇಳಬೇಡಿ." ಆಯಿತು ಎಂದು ತಲೆಯಾಡಿಸಿದೆ. ನನಗೆ ಕೆಲಸ ಬೇಕಿತ್ತು.

ಹಾಗೆ ಹೋದ ಮನೆಗಳಲ್ಲಿ ಈ ಅಜ್ಜಿಯದೂ ಒಂದು. ಅವಳ ಊರು ಮದ್ದೂರು ಕಡೆಯ ಕೊಪ್ಪದಿಂದ ಒಳಕ್ಕೆ, ಕಬ್ಬಿನ ಗದ್ದೆಗಳ ನಡುವೆ. ಸೊಸೆ ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಒಂದು ಭಾನುವಾರ ಅವಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, "ಕೇಳೋದೆಲ್ಲ ನಮ್ಮತ್ತೇನೇ ಕೇಳಿ ಮೇಡಂ, ಕೂಸು ಇರೋದೇ ಅವರತ್ರ," ಅಂದಿದ್ದಳು. ಮಾರನೆಯ ದಿನ ಹೋದಾಗ ಅಜ್ಜಿ ನನ್ನ ಕತ್ತಿನ ಕಾರ್ಡು ನೋಡಿ, "ಓಟಿನೋರಾ, ಗ್ಯಾಸಿನೋರಾ?" ಅಂದಳು. ಎರಡೂ ಅಲ್ಲ ಎಂದ ಮೇಲೆ ಒಂದು ಲೋಟ ಮಜ್ಜಿಗೆ ಕೊಟ್ಟು ಎದುರಿಗೇ ಕೂತಳು.

"ಇದ್ರಿಂದ ನಮ್ ಕೂಸ್ಗೆ ಏನ್ ಬತ್ತದೆ?"

"ಮುಂದೆ ಹುಟ್ಟೋ ಮಕ್ಕಳಿಗೆ ಉಪಯೋಗ ಆಗುತ್ತೆ ಅಜ್ಜಿ," ಎಂದೆ. ಹಾಗೆನ್ನಬೇಕೆಂದು ಹೇಳಿಕೊಟ್ಟಿದ್ದರು.

"ಮುಂದೆ ಉಟ್ಟೋವ್ರನ್ನ ಮುಂದ್ಲೋರು ನೋಡ್ಕತಾರೆ ಬುಡು. ಉಟ್ಟಿರೋನ್ಗೆ?"

ನಾನು ಟ್ಯಾಬು ತೆರೆದೆ. ಪ್ರಶ್ನೆ ಶುರುಮಾಡಿದೆ. ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಾನಾ? "ಓ, ಕೇಳ್ತಾನೆ." ಬೇರೆ ಮಕ್ಕಳ ಜೊತೆ ಸೇರುತ್ತಾನಾ? "ಸೇರ್ದೇ ಏನು? ನಮ್ ವಂಸದಲ್ಲಿ ಒಬ್ಬಂಟಿ ಅನ್ನೋವ್ರೇ ಇಲ್ಲ." ಮಗು ಅಷ್ಟು ಹೊತ್ತೂ ನಮಗೆ ಬೆನ್ನು ಹಾಕಿ ಪಾತ್ರೆಯ ಮುಚ್ಚಳವೊಂದನ್ನು ನೆಲದ ಮೇಲೆ ತಿರುಗಿಸುತ್ತಿತ್ತು. ಮುಚ್ಚಳ ಸುತ್ತಿ ಸುತ್ತಿ ಬೀಳುವುದು, ಅದು ಮತ್ತೆ ತಿರುಗಿಸುವುದು.

ಆಮೇಲೆ ಹೆಸರು ಕರೆಯುವ ಪರೀಕ್ಷೆ. ಹಿಂದಿನಿಂದ ಕರೆಯಬೇಕು. ಮುಟ್ಟಬಾರದು. ದಾಖಲೆಯಲ್ಲಿ ಲಿಖಿತ್, ಮನೆಯಲ್ಲಿ ಲಿಕ್ಕಿ. ಲಿಕ್ಕೀ ಎಂದು ಮೂರು ಸಲ ಕರೆದೆ. ಮುಚ್ಚಳ ತಿರುಗಿತು, ಮಗು ತಿರುಗಲಿಲ್ಲ. "ಅಂಗಲ್ಲ ಕಣವ್ವ, ನಿನ್ ದನಿ ಒಸದಲ್ವಾ," ಎಂದು ಅಜ್ಜಿ ಮುಂದೆ ಬಂದಳು. ಮನೆಯವರೂ ಕರೆಯಬಹುದೆಂದು ನಿಯಮವಿತ್ತು. ಅವಳು ಎಡಗೈಯೆತ್ತಿ ತಲೆಯ ಸೆರಗು ಸರಿಮಾಡಿಕೊಳ್ಳುತ್ತ, "ಲಿಕ್ಕೀ, ಬಾ ನನ್ನಪ್ಪಾ" ಅಂದಳು. ಮಗು ತಟ್ಟನೆ ತಿರುಗಿತು. "ನೋಡ್ದಾ?" ಎಂದು ಅಜ್ಜಿ ಗೆದ್ದವಳಂತೆ ನನ್ನನ್ನು ನೋಡಿದಳು. ಹೆಸರಿಗೆ ಸ್ಪಂದಿಸುತ್ತದೆ, ಹೌದು, ಎಂದು ಒತ್ತಿ ಫಾರಂ ಕಳಿಸಿಬಿಟ್ಟೆ. ಆ ಒಂದು ಗುರುತಿನಿಂದ ಲಿಕ್ಕಿ ಲಕ್ಷಣವಿಲ್ಲದ ಮಕ್ಕಳ ಪಟ್ಟಿಗೆ ಸೇರಿದ.

ಆ ದಾರಿಯಲ್ಲಿ ಹೋದಾಗಲೆಲ್ಲ ಅಜ್ಜಿಯ ಮನೆಗೆ ಹೋಗುವುದು ರೂಢಿಯಾಯಿತು. ಉಪವಾಸ ಬಂದೆನೋ ಉಂಡು ಬಂದೆನೋ ಎಂದು ಮುಖ ನೋಡಿಯೇ ಹೇಳುತ್ತಿದ್ದಳು. ನನ್ನ ಮದುವೆಯ ಚಿಂತೆ ನಮ್ಮಮ್ಮನಿಗಿಂತ ಅವಳಿಗೇ ಹೆಚ್ಚು. "ಗಂಡು ಎಂಗಾರ ಇರ್ಲಿ, ಅತ್ತೆ ನನ್ನಂಗಿರ್ಬೇಕು ನೋಡು," ಅನ್ನುವಳು. ಅದು ಜಂಬವಲ್ಲ. ಸೊಸೆ ಕೆಲಸದಿಂದ ಬರುವ ಹೊತ್ತಿಗೆ ಬಿಸಿನೀರು ಕಾಯಿಸಿಟ್ಟಿರುತ್ತಿದ್ದ ಅತ್ತೆ ಅವಳು.

ಎರಡು ತಿಂಗಳಾಗಿರಬೇಕು, ಒಂದು ಮಧ್ಯಾಹ್ನ ಹೋದಾಗ ಅವಳು ಕೊಟ್ಟಿಗೆಯಲ್ಲಿದ್ದಳು. ಬಳೆಯನ್ನೆಲ್ಲ ಮೊಣಕೈವರೆಗೆ ಏರಿಸಿ ಬಿಗಿಮಾಡಿಕೊಂಡು ಸಗಣಿ ಕಲಸುತ್ತಿದ್ದಳು. ಹುಡುಗ ಬಾಗಿಲ ಹತ್ತಿರ ಕೂತಿದ್ದ. "ಲಿಕ್ಕೀ," ಅಂದಳು. ಇಲ್ಲ. ಏಳೆಂಟು ಸಲ ಕರೆದಳು, ಗದರಿಸಿ ಕರೆದಳು, ಅಂಗಲಾಚಿ ಕರೆದಳು. ಕೊನೆಗೆ ಕೈ ತೊಳೆದು, ಬಳೆ ಕೆಳಗಿಳಿಸಿ ಒಂದೇ ಒಂದು ಸಲ ಅಲ್ಲಾಡಿಸಿದಳು. ಬಾಯಿ ತೆರೆಯಲೇ ಇಲ್ಲ. ಹುಡುಗ ತಿರುಗಿದ. ಆಗ ಅವಳ ಕಣ್ಣು ನನ್ನ ಮೇಲೆ ಬಿತ್ತು. "ಯಾವಾಗ್ ಬಂದ್ಯವ್ವ?" ಅಂದಳು. "ಈಗ ಬಂದೆ," ಅಂದೆ.

ಅವತ್ತೇ ಮದ್ದೂರಿನ ಬಸ್ ಸ್ಟ್ಯಾಂಡಿನಿಂದ ಸೂಪರ್‌ವೈಸರ್‌ಗೆ ಫೋನು ಮಾಡಿದೆ. "ಕಳಿಸಿದ ಫಾರಂ ಮತ್ತೆ ತೆಗೆಯೋಕಾಗಲ್ಲಮ್ಮ. ಮುಂದಿನ ಸುತ್ತಿನಲ್ಲಿ ಸರಿಯಾಗಿ ಹಾಕು. ಮನೆಯವರಿಗೆ ಮಾತ್ರ ಏನೂ ಹೇಳ್ಬೇಡ, ನಾಳೆ ತಪ್ಪಾದ್ರೆ ಯಾರು ಹೊಣೆ?" ಅಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಬರಲಿಲ್ಲ. "ಒಂದ್ಸಲ ಮಂಡ್ಯದ ಆಸ್ಪತ್ರೆಗೆ ತೋರಿಸಿ ಅಜ್ಜಿ" ಎನ್ನುವುದಕ್ಕೆ ಡಾಕ್ಟರೇ ಆಗಬೇಕಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಲಿಲ್ಲ. ಅದಾದ ಮೇಲೆ ಆ ಬೀದಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ನನ್ನ ಹೇಡಿತನವನ್ನು ನಾನೇ ನಿಯಮ ಎಂದು ಕರೆದುಕೊಂಡೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅಜ್ಜಿಯ ಗಂಡ ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಮಾತಾಡಿಸಲು ಹೋದೆ. ಜಗಲಿಯ ಮೇಲೆ ಕೂತಿದ್ದಳು. ಎರಡೂ ಕೈ ಬರಿದು. ಎಡಗೈಯಲ್ಲಿ ಬಿಸಿಲು ಕಾಣದ ಜಾಗ ಬೆಳ್ಳಗೆ ಪಟ್ಟಿಯಾಗಿ ಉಳಿದಿತ್ತು. ಅಂಗಳದಲ್ಲಿ ಹುಡುಗ ಮುಚ್ಚಳ ತಿರುಗಿಸುತ್ತಿದ್ದ. ತಾತ ಹೋದ ದುಃಖಕ್ಕೆ ಕೂಸು ಮಂಕಾಗಿದೆ, ಅಜ್ಜಿ ಕರೆದರೂ ತಿರುಗುವುದಿಲ್ಲ ಎಂದು ಪಕ್ಕದ ಮನೆಯವಳು ನನಗೆ ವರದಿ ಒಪ್ಪಿಸಿ ಹೋದಳು.

ಅವಳು ಹೋದ ಮೇಲೆ ಅಜ್ಜಿ ಅಂದಳು, "ಬಳೆ ಒಡುದ್ರು. ನನ್ ದನಿನೂ ಒಂಟೋಯ್ತು ಕಣವ್ವ."

ನಾನು ಜಗಲಿಯ ಮೇಲೆ ಅವಳ ಪಕ್ಕ ಕೂತೆ.

"ಅವತ್ತು ನಾನು ಬೇಕಂತ್ಲೇ ಅಲ್ಲಾಡ್ಸಿದ್ದು. ಕರುದ್ರೆ ತಿರ್ಗಕಿಲ್ಲ ಅಂತ ನಂಗೆ ಆಗ್ಲೇ ಗೊತ್ತಿತ್ತು. ನೀನು ಏನಾರ ಬರ್ಕೊಂಡ್ರೆ, ಅವ್ವ ಪ್ಯಾಕ್ಟ್ರಿಗೆ ಓಗಿ ಓಗಿ ಕೂಸು ಇಂಗಾಯ್ತು ಅಂತ ಎಲ್ರೂ ನನ್ ಸೊಸೆ ಮ್ಯಾಲೆ ಬೀಳ್ತಾರೆ ಅಂತ ಎದ್ರುದೆ."

"ನಂಗೂ ಗೊತ್ತಿತ್ತು ಕಣಜ್ಜಿ. ಅವತ್ತು ಕೊಟ್ಟಿಗೇಲಿ ನೋಡ್ದೆ."

ಅವಳು ನನ್ನನ್ನು ನೋಡಿದಳು. "ಗೊತ್ತಿದ್ದೂ ಸುಮ್ಕಿದ್ದಾ? ನಾನು ಓದ್ದೋಳಲ್ಲ. ನೀನು ಓದಿದೋಳಲ್ವೇನವ್ವ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಅಳು ಬಂತು. ಅವಳೇ, "ಅಳ್ಬ್ಯಾಡ ಬುಡು. ಇಬ್ರೂ ಸೇರಿ ಕೂಸ್ಗೆ ಮೋಸ ಮಾಡುದ್ವಿ. ಈಗ ಎಲ್ಲಿಗ್ ಓಗ್ಬೇಕು ಯೋಳು," ಅಂದಳು.

ಮುಂದಿನ ವಾರ ಸೊಸೆ ರಜೆ ಹಾಕಿದಳು. ಅಜ್ಜಿ, ಸೊಸೆ, ಹುಡುಗ, ನಾನು, ನಾಲ್ವರೂ ಬಸ್ಸಿನಲ್ಲಿ ಮಂಡ್ಯಕ್ಕೆ ಹೋದೆವು. ಡಾಕ್ಟರು ಬಹಳ ಹೊತ್ತು ನೋಡಿ, ಇದು ಆಟಿಸಂ, ಯಾರ ತಪ್ಪೂ ಅಲ್ಲ, ತಾಯಿ ಕೆಲಸಕ್ಕೆ ಹೋದದ್ದರಿಂದ ಬಂದದ್ದಲ್ಲ ಎಂದು ಬಿಡಿಸಿ ಹೇಳಿದರು. ಆ ಮಾತಿಗೆ ಸೊಸೆ ಅತ್ತೆಯ ತೋಳು ಹಿಡಿದುಕೊಂಡು ಅತ್ತಳು. ವಾರವಾರ ತರಬೇತಿಗೆ ಕರೆತನ್ನಿ, ಮನೆಯಲ್ಲೂ ಕಲಿಸಿ ಅಂದರು. ತರಬೇತಿಯ ಹುಡುಗಿ ಬಳೆಯ ಕತೆ ಕೇಳಿ, "ಒಳ್ಳೆಯದೇ ಆಯ್ತಲ್ಲ ಅಜ್ಜಿ. ಬಳೆ ನಿಮ್ಮ ಕೆನ್ನೆ ಹತ್ರ ಹಿಡಿದು ಅಲ್ಲಾಡಿಸಿ, ಹೆಸರು ಕರೀರಿ. ಬಳೆ ನೋಡ್ತಾ ನೋಡ್ತಾ ಮುಖ ನೋಡೋದು ಕಲೀತಾನೆ," ಅಂದಳು. ಅವಳಿಗೆ ಅಜ್ಜಿಯ ಬರಿಗೈ ಕಂಡಿತೋ ಇಲ್ಲವೋ.

ವಾಪಸು ಬರುವಾಗ ಕೊಪ್ಪದಲ್ಲಿ ಇಳಿದ ಅಜ್ಜಿ ಸೀದಾ ಬಳೆ ಅಂಗಡಿಗೆ ನಡೆದಳು. ಅಂಗಡಿಯವನಿಗೆ ಅವಳ ಮನೆಯ ಸಾವು ಗೊತ್ತಿತ್ತು. ತೊಡಿಸಲು ಕೈ ಹಿಡಿಯಲಿಲ್ಲ. ಅಜ್ಜಿ ಬಳೆಯನ್ನು ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ಬಂದು, ಬಚ್ಚಲಲ್ಲಿ ಕೈಗೆ ಸೋಪು ಹಚ್ಚಿ ತಾನೇ ಏರಿಸಿಕೊಂಡಳು. ಒಂದು ಡಜನ್, ಹಸಿರು, ಎಡಗೈಗೆ. ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಅವಳ ಮಗ, ಲಿಕ್ಕಿಯ ಅಪ್ಪ, ಮೂರು ದಿನ ಮಾತು ಬಿಟ್ಟ. ನಾಲ್ಕನೆಯ ದಿನ, "ಅಪ್ಪ ಸತ್ತು ಇನ್ನೂ ಎಷ್ಟ್ ದಿನ ಆಯ್ತವ್ವ? ಜನ ಏನಂದಾರು?" ಎಂದು ಕೂಗಾಡಿದ. "ಆಡ್ಕಳೋ ಜನ ಬಂದು ಒಂದ್ಸಲ ನಿನ್ ಮಗನ್ನ ಕರ್ದು ತಿರುಗ್ಸ್ಲಿ, ತಗುದ್ಬುಡ್ತೀನಿ," ಅಂದಳಂತೆ. ಸೊಸೆ ಇದನ್ನು ಹೇಳುವಾಗ ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮಂಡ್ಯದ ತರಬೇತಿ ಏಳೆಂಟು ವಾರ ನಡೆಯಿತು. ಆಮೇಲೆ ಸೊಸೆಗೆ ರಜೆ ಸಿಗಲಿಲ್ಲ, ಅಜ್ಜಿಗೆ ಒಬ್ಬಳೇ ಹುಡುಗನನ್ನು ಬಸ್ಸಿನಲ್ಲಿ ಹಿಡಿದು ಕೂರಿಸಲು ಆಗಲಿಲ್ಲ. ಬಸ್ಸಿನ ಹಾರನ್ ಹೊಡೆದರೆ ಅವನು ಕಿವಿ ಮುಚ್ಚಿ ಕಿರುಚುವನು, ಜನ ಕೆಕ್ಕರಿಸಿ ನೋಡುವರು. ನನಗೆ ಮಳವಳ್ಳಿ ಕಡೆಯ ಹಳ್ಳಿಗಳನ್ನು ಕೊಟ್ಟಿದ್ದರು. ಹೋಗುವುದು ನಿಂತಿತು. ಅಜ್ಜಿ ಮಾತ್ರ ಮನೆಯಲ್ಲೇ ದಿನಾ ಬಳೆಯನ್ನು ಕೆನ್ನೆಗೆ ಹಿಡಿದು ಕೂರುತ್ತಿದ್ದಳು. ಅವನು ಬಳೆ ನೋಡುವನು, ಹೋಗುವನು. ಎಷ್ಟೋ ವಾರದ ಮೇಲೆ ಒಂದು ದಿನ ಫೋನು ಬಂತು. "ಇವತ್ತು ಬಳೆ ನೋಡ್ಬುಟ್ಟು ನನ್ ಮೊಕ ನೋಡ್ದ ಕಣವ್ವ. ಬಂದ್ಯಾ ನನ್ನಪ್ಪ ಅಂದೆ." ಅವತ್ತಿನಿಂದ ಅವನು ಮುಖ ನೋಡಿದಾಗಲೆಲ್ಲ ಅವಳು ಹೇಳುತ್ತಿದ್ದದ್ದು ಅದೇ ಮಾತು. ಅದನ್ನು ಕೇಳುವವರೆಗೂ ಅವನು ಕದಲುತ್ತಿರಲಿಲ್ಲ.

ವರ್ಷ ಕಳೆದು ಎರಡನೆಯ ಸುತ್ತಿಗೆ ಆ ಊರನ್ನು ಕೇಳಿಕೊಂಡು ನಾನೇ ಹೋದೆ. ನಾನು ಹೇಳುವ ಮೊದಲೇ ಅಜ್ಜಿ ಬಳೆಗಳನ್ನು ಮೇಲೇರಿಸಿ, ಸೆರಗನ್ನು ಅವುಗಳ ಸುತ್ತ ಬಿಗಿಯಾಗಿ ಸುತ್ತಿಕೊಂಡು ಕೂತಳು. "ಈಗ ಕರಿ. ಸರ್ಯಾಗಿ ಬರ್ಕೋ," ಅಂದಳು. ಮೂರು ಸಲ ಕರೆದೆ. ತಿರುಗಲಿಲ್ಲ. ಇಲ್ಲ ಎಂದು ಒತ್ತಿದೆ. ಬಳೆ, ಕೆನ್ನೆ, ಮುಖ, ಇದನ್ನೆಲ್ಲ ಬರೆಯಲು ಆ ಫಾರಂನಲ್ಲಿ ಜಾಗವಿರಲಿಲ್ಲ. ಕೆಲವು ತಿಂಗಳಿಗೆ ಅಧ್ಯಯನವೇ ಮುಗಿಯಿತು, ಟ್ಯಾಬು ವಾಪಸು ಕೊಟ್ಟೆವು. "ಅವ್ರು ಏನಂದ್ರವ್ವ?" ಎಂದು ಅಜ್ಜಿ ಸಿಕ್ಕಾಗಲೆಲ್ಲ ಕೇಳುವಳು. ಇನ್ನೂ ಏನೂ ಅಂದಿಲ್ಲ ಅಜ್ಜಿ ಎಂದು ನಾನು ಹೇಳುವುದು.

ಈಗ ಮಳವಳ್ಳಿಯ ಒಂದು ನರ್ಸರಿ ಶಾಲೆಯಲ್ಲಿದ್ದೇನೆ. ಹೊಸ ಮಗು ಸೇರಿದರೆ ನನ್ನ ಬಳೆಯನ್ನು ಮೇಲಕ್ಕೆ ಬಿಗಿಮಾಡಿಕೊಂಡು, ಹಿಂದೆ ನಿಂತು ಹೆಸರು ಕರೆಯುತ್ತೇನೆ. ತಿರುಗದಿದ್ದರೆ ಅದೇ ದಿನ ತಾಯಿಗೆ ಹೇಳುತ್ತೇನೆ. ನಾನು ಡಾಕ್ಟರಲ್ಲ ಎಂಬುದನ್ನೂ ಸೇರಿಸಿಯೇ ಹೇಳುತ್ತೇನೆ.

ಹೋದ ಚಳಿಗಾಲದಲ್ಲಿ ಅಜ್ಜಿಗೆ ಎದೆನೋವು ಬಂತು, ಆಸ್ಪತ್ರೆ ಮುಟ್ಟಲಿಲ್ಲ. ಸುದ್ದಿ ಕೇಳಿ ಓಡಿದೆ. ಜಗಲಿಯ ಮೇಲೆ ಮಲಗಿಸಿದ್ದರು. ಗಂಡನಿಲ್ಲದವಳ ಕೈಯಲ್ಲಿ ಬಳೆ ಬಿಟ್ಟು ಕಳಿಸುವುದು ಹೇಗೆ ಎಂದು ಹೆಂಗಸರು ಗುಸುಗುಟ್ಟುತ್ತಿದ್ದರು. ಒಬ್ಬಳು ತೆಗೆಯಲು ಕೈ ಚಾಚಿದಳು. "ಮುಟ್ಬ್ಯಾಡಿ," ಅಂದ ಮಗ. ಮೂರು ದಿನ ಮಾತು ಬಿಟ್ಟಿದ್ದ ಅದೇ ಮಗ.

ಲಿಕ್ಕಿ ಕಂಬದ ಹತ್ತಿರ ಮುಚ್ಚಳ ತಿರುಗಿಸುತ್ತಿದ್ದ. ಅಷ್ಟು ಜನದ ಅಳು, ತಮಟೆಯ ಸದ್ದು, ಯಾವುದಕ್ಕೂ ತಲೆಯೆತ್ತಿರಲಿಲ್ಲ. ಚಟ್ಟಕ್ಕೆ ಎತ್ತಿ ಮಲಗಿಸುವಾಗ ಅಜ್ಜಿಯ ಎಡಗೈ ಜಾರಿ ಕೆಳಗೆ ಬಿತ್ತು. ಬಳೆ ಸದ್ದಾಯಿತು. ಅವನು ತಿರುಗಿದ. ಎದ್ದು ಬಂದು ಜನರ ಕಾಲುಗಳ ನಡುವೆ ತೂರಿ ಹತ್ತಿರ ನಿಂತ. ಬಳೆ ನೋಡಿದ, ಆಮೇಲೆ ಮುಖ ನೋಡಿದ. ನೋಡುತ್ತ ಹಾಗೇ ನಿಂತ. ಅವನು ಯಾವುದಕ್ಕೆ ಕಾಯುತ್ತಿದ್ದಾನೆಂದು ಅಲ್ಲಿ ನನಗೆ ಮತ್ತು ಅವನ ತಾಯಿಗೆ ಮಾತ್ರ ಗೊತ್ತಿತ್ತು. ಅವಳು ಅತ್ತೆಯ ಕಾಲು ಹಿಡಿದು ಬಿಕ್ಕುತ್ತಿದ್ದಳು.

"ಬಂದ್ಯಾ ನನ್ನಪ್ಪ," ನಾನೇ ಅಂದೆ.

ಅವನು ನನ್ನ ಕಡೆ ತಿರುಗಲಿಲ್ಲ.