ಅಕ್ಕನ ಹೆಸರಿನ ಕಪ್ಪಕ್ಷರ

ಹಾವಿಗೆ ಹೆದರುವವರುಂಟು, ಗುಡುಗಿಗೆ ಹೆದರುವವರುಂಟು. ನನಗೆ ನಾನೇ ಬರೆದ ಅಕ್ಷರಗಳನ್ನು ಕಂಡರೆ ಭಯ.

ಅಕ್ಷರ ವಿನ್ಯಾಸ ನನ್ನ ಕಸುಬು. ಹಿಂದೆ ಯುರೋಪಿನ ಮಠಗಳಲ್ಲಿ ಚಪ್ಪಟೆ ಮೂತಿಯ ಲೇಖನಿಯಿಂದ ಹಾಳೆಯೆಲ್ಲ ಕಪ್ಪಾಗುವಂತೆ ಬರೆಯುತ್ತಿದ್ದರಂತಲ್ಲ, ಆ ಮೂಲೆ ಮುರಿದ ದಪ್ಪ ಅಕ್ಷರದ ಗತ್ತು ಕನ್ನಡಕ್ಕೂ ಬರಲಿ ಎಂದು ಹಟ ತೊಟ್ಟೆ. ನಮ್ಮ ಅಕ್ಷರಗಳೋ ಜಿಲೇಬಿಯ ಬಳಗ; ಮುರಿಯಹೋದರೆ ಮುನಿಸಿಕೊಳ್ಳುತ್ತವೆ. ದುಂಡನೆಯ 'ರ'ಕ್ಕೆ ಮೊಣಕೈ ಮೂಡಿಸುವುದರಲ್ಲೇ ಒಂದು ಮಳೆಗಾಲ ಕಳೆಯಿತು. ಅಂತೂ ಸಿದ್ಧವಾದವು, ದೊಡ್ಡ ತಲೆಬರಹಕ್ಕಷ್ಟೇ ಸಲ್ಲುವ, ನೋಡಿದವರನ್ನು ಗದರಿಸುವ ಅಕ್ಷರಗಳು.

ಪರೀಕ್ಷೆಗೆಂದು ಅಕ್ಕನ ಹೆಸರು ಬರೆದೆ: ರತ್ನಮ್ಮ. ಎರಡು ಒತ್ತಕ್ಷರಗಳಿರುವ ಹೆಸರು. ಅಕ್ಷರ ಗಟ್ಟಿಯೋ ಜೊಳ್ಳೋ ಅದರಲ್ಲೇ ತಿಳಿಯುತ್ತದೆ. ಶಿಡ್ಲಘಟ್ಟದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಗೆಳೆಯ ಅನ್ವರ್‌ಗೆ ಅದನ್ನು ಕಳಿಸಿದೆ. ಅವನು ಮೆಚ್ಚಿ, ಬಾಗಿಲಗಲದ ಬಿಳಿ ಫ್ಲೆಕ್ಸಿನ ಮೇಲೆ ಅಚ್ಚು ಹಾಕಿ, ಗಿರಾಕಿಗಳು ನೋಡಲಿ ಎಂದು ಅಂಗಡಿ ಮುಂದೆ ಕಟ್ಟಿದ.

ನಮ್ಮ ಕಡೆ ಹುಟ್ಟುಹಬ್ಬದ ಫ್ಲೆಕ್ಸು ಕೆಂಪು, ಹಳದಿ. ಬಿಳಿಯ ಮೇಲೆ ದಪ್ಪ ಕಪ್ಪಿನಲ್ಲಿ ಹೆಸರೊಂದೇ ತೂಗಿದರೆ ಅದು ಶ್ರದ್ಧಾಂಜಲಿ. ಯಾಕೆ, ಏನು ಎಂದು ಯಾರೂ ವಿಚಾರಿಸುವುದಿಲ್ಲ, ಕೈ ಮುಗಿದು ಹೂವು ತರಲು ಹೋಗುತ್ತಾರೆ. ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದ, ಅಕ್ಕನ ಊರಾದ ಕೆಂಚಾರ್ಲಹಳ್ಳಿಯವರು ಮಾಡಿದ್ದೂ ಅದನ್ನೇ. ಅಕ್ಕನಾದರೋ ಅಂದು ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿದ್ದಳು; ಅದು ಅವಳೂರಿಗೆಲ್ಲ ಗೊತ್ತಿತ್ತು. ಮರುದಿನ ಬೆಳಿಗ್ಗೆ ಹೃದಯದ ಆಪರೇಷನ್. ವಾರ್ಡಿನ ಬಾಗಿಲಲ್ಲಿ ಕೂತಿದ್ದ ನನ್ನೆದುರು ಅವಳೂರಿನ ಹಿರಿಯರೊಬ್ಬರು ಹಾರ ಹಿಡಿದು ನಿಂತರು.

"ಯಾವಾಗ ಹೋದ್ಲಪ್ಪಾ ನಿಮ್ಮಕ್ಕ?"

ನಾಳೆಯ ಸುದ್ದಿಯನ್ನು ನನ್ನ ಕೈಯೇ ಇಂದು ಬರೆದುಬಿಟ್ಟಿತೆ? ಶಕುನ ನಂಬದವನೆಂದು ಊರೆಲ್ಲ ಕೊಚ್ಚಿಕೊಂಡಿದ್ದ ನಾನು ಆ ಕ್ಷಣವೇ ಅನ್ವರ್‌ಗೆ ಫೋನ್ ಮಾಡಿದೆ.

"ತಪ್ಪಾಯ್ತಣ್ಣ, ಇಳಿಸ್ಬಿಟ್ಟೆ. ನಮ್ಮ ಅಮ್ಮಿ ನಂಗೆ ಬೈತಾ, ಅಕ್ಕಂಗೆ ದುವಾ ಮಾಡ್ತಾ ಕೂತವ್ರೆ."

ವಿಷಯ ಕೇಳಿ ಅಕ್ಕ ನಕ್ಕಳು. "ಸತ್ತೋದ್ಲು ಅಂತ ಸುದ್ದಿ ಹಬ್ಬಿದ್ರೆ ಆಯಸ್ಸು ಜಾಸ್ತಿ ಕಣೋ. ಆ ಹಾರ ಇಲ್ಲಿ ಕೊಡು, ಹೂವು ಯಾಕೆ ದಂಡ ಮಾಡ್ಬೇಕು?" ಮಾತು ಗಟ್ಟಿಯಾಗಿತ್ತು. ನನ್ನ ಮಣಿಕಟ್ಟು ಹಿಡಿದಿದ್ದ ಅವಳ ಬೆರಳು ಮಾತ್ರ ತಣ್ಣಗಿದ್ದವು, ಸಂಜೆಯವರೆಗೂ ಬಿಡಲಿಲ್ಲ.

ಅಕ್ಕ ಬದುಕಿ ಮನೆಗೆ ಬಂದಳು. ಬಂದವಳೇ ಆ ಫ್ಲೆಕ್ಸ್ ತರಿಸಿ, ಗಾಳಿಗೆ ಅಡ್ಡವಾಗಲಿ ಎಂದು ರೇಷ್ಮೆಹುಳು ಸಾಕುವ ಮನೆಯ ಬಾಗಿಲಿಗೆ ಇಳಿಬಿಟ್ಟಳು. "ಬಟ್ಟೆ ಗಟ್ಟಿಗಿದೆ, ಸುಮ್ನೆ ಬಿಸಾಕಕ್ಕೆ ಆಗ್ತದಾ?"

ಈಗಲೂ ಹಿಪ್ಪುನೇರಳೆ ತೋಟದ ತಿರುವು ದಾಟಿದೊಡನೆ ಅವಳ ಹೆಸರು ಬಿಳಿಯ ಮೇಲೆ ಕಪ್ಪಗೆ ತೂಗುವುದು ಕಾಣುತ್ತದೆ. ಕಾಲು ತಾನಾಗಿ ನಿಲ್ಲುತ್ತದೆ. ಆ ಹೆಸರನ್ನು ಸರಿಸಿಕೊಂಡು ಅಕ್ಕ ಸೊಪ್ಪಿನ ಬುಟ್ಟಿಯೊಂದಿಗೆ ಹೊರಬರುತ್ತಾಳೆ. 'ರ'ಕ್ಕೆ ಮೊಣಕೈ ಚೆನ್ನಾಗಿ ಬಂದಿದೆಯೇ ಎಂದು ನೋಡುವುದು ಆಮೇಲೆ.