ಮಾಯಿಮ್ ಅಂದರೆ ನೀರು

ಹೀಬ್ರೂ ಭಾಷೆಯಲ್ಲಿ ನಾನು ಕಲಿತ ಮೊದಲ ಮಾತು ಮಾಯಿಮ್. ನೀರು. ಆಮೇಲೆ ಲೆಖೆಮ್, ಅಂದರೆ ಬ್ರೆಡ್ಡು. ನಾನು ಅದನ್ನು ರೊಟ್ಟಿ ಎಂದೇ ಬರೆದುಕೊಂಡೆ. ತ್ರುಫಾ ಅಂದರೆ ಔಷಧ. ಲೆಆತ್ ಲೆಆತ್ ಅಂದರೆ ಸಾವಕಾಶ, ಸಾವಕಾಶ. ಸೋಲಾಪುರದ ಒಂದು ಚಾದರದ ಅಂಗಡಿಯ ಮಾಳಿಗೆ ಮೇಲೆ ಆ ಕ್ಲಾಸು ನಡೆಯುತ್ತಿತ್ತು. ಇಸ್ರೇಲಿಗೆ ಹೋಗಿ ವಯಸ್ಸಾದವರ ಆರೈಕೆ ಮಾಡುವ ಕೆಲಸ ಹಿಡಿಯಬೇಕೆಂದವರೇ ಅಲ್ಲಿ ಇದ್ದವರೆಲ್ಲ. ಕಲಿಸುವ ಮ್ಯಾಡಮ್ ಇಸ್ರೇಲಿನಲ್ಲಿ ಅದೇ ಕೆಲಸ ಮಾಡಿ ಬಂದವರು. ಅವರು ಮರಾಠಿಯಲ್ಲಿ ಹೇಳುತ್ತಿದ್ದರು, ನಾನು ಅಕ್ಕಲಕೋಟೆಯ ಕನ್ನಡ ಸಾಲಿಯಲ್ಲಿ ಓದಿದವಳು, ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ.

ಕೂತುಕೋ ಎನ್ನಲು ಶ್ವೀ ಎನ್ನಬೇಕು. ಹಿರಿಯರಿಗೆ ಹಾಗೆ ಬೋಳಾಗಿ ಹೇಳಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ‘ಶ್ವೀರಿ, ಶ್ವೀರಿ’ ಎಂದುಬಿಡುತ್ತಿದ್ದೆ. ಮ್ಯಾಡಮ್ ಹಣೆ ಬಡಿದುಕೊಳ್ಳುತ್ತಿದ್ದರು, ಕ್ಲಾಸೆಲ್ಲ ನಗುತ್ತಿತ್ತು.

ಆಗ ನಾನು ಸೋಲಾಪುರದ ಒಂದು ಖಾಸಗಿ ದವಾಖಾನೆಯಲ್ಲಿ ಆಯಾ ಆಗಿದ್ದೆ. ಗಂಡ ತೀರಿಕೊಂಡ ಮೇಲೆ ಅಕ್ಕಲಕೋಟೆಯಲ್ಲಿ ಅವ್ವನ ಜೊತೆ ಇದ್ದೆ. ನಾನೊಬ್ಬಳೇ ಮಗಳು. ದಿನವೂ ಎಸ್.ಟಿ. ಬಸ್ಸಿನಲ್ಲಿ ಹೋಗಿ ಬರುವುದು. ಇಸ್ರೇಲಿಗೆ ಯಾರೂ ನನ್ನನ್ನು ದೂಡುತ್ತಿರಲಿಲ್ಲ. ನನಗೇ ಹೋಗಬೇಕಿತ್ತು. ಪಕ್ಕದ ಹಳ್ಳಿ ಹನ್ನೂರ ಬಿಟ್ಟು ಅಕ್ಕಲಕೋಟೆಗೆ ಬಂದದ್ದೇ ನಮ್ಮ ಮನೆತನದ ದೊಡ್ಡ ಪ್ರಯಾಣ. ವಿಮಾನ ಹತ್ತಬೇಕು, ಸಮುದ್ರ ನೋಡಬೇಕು, ನನ್ನನ್ನು ಯಾರ ಹೆಂಡತಿ ಯಾರ ಮಗಳು ಎಂದು ಕೇಳದ ಊರಲ್ಲಿ ಒಮ್ಮೆ ನಡೆದಾಡಬೇಕು ಎಂಬ ಹುಚ್ಚು ಹತ್ತಿತ್ತು.

ಕ್ಲಾಸು ಅರ್ಧ ಮುಗಿದಿರುವಾಗ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು, ಜೊತೆಗೆ ಮಾತೂ ಹೋಯಿತು. ಓಣಿಯನ್ನೆಲ್ಲ ಬಾಯಿಂದಲೇ ಆಳಿದ ಹೆಂಗಸು ಬರೀ ‘ಆಂ, ಆಂ’ ಎನ್ನುತ್ತಿದ್ದಳು. ಏನು ಕೊಟ್ಟರೂ ಅದರ ಹೆಸರು ಹೇಳಿ ಕೊಡಿ, ಮಾತು ಮರಳಿ ಬರಬಹುದು ಎಂದರು ಡಾಕ್ಟರು. ಕಲಿತ ಮಾತನ್ನು ಕೆಲಸ ಮಾಡುತ್ತಲೇ ಅನ್ನಿ ಎಂದು ಮ್ಯಾಡಮ್ ಮೊದಲೇ ಹೇಳಿದ್ದರು. ನಾನು ಎರಡನ್ನೂ ಕೂಡಿಸಿದೆ. ಚಮಚೆ ಎತ್ತಿ ‘ನೀರ. ಮಾಯಿಮ್’ ಎನ್ನುವುದು. ಚಾದರ ಹೊದಿಸಿ ‘ಚಾದರ. ಸ್ಮಿಖಾ’ ಎನ್ನುವುದು. ಮಗ್ಗುಲು ಬದಲಿಸುವಾಗ ‘ಸಾವಕಾಶ. ಲೆಆತ್ ಲೆಆತ್.’ ಅವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಹೀಬ್ರೂ ಬಂದಾಗ ಮಾತ್ರ ಹುಬ್ಬು ಗಂಟಿಕ್ಕುತ್ತಿದ್ದಳು.

ಒಂದು ಮುಂಜಾನೆ ಅವ್ವ ‘ನೀರ’ ಎಂದಳು. ತೊದಲಾದರೂ ಸ್ಪಷ್ಟ. ನಾನು ಡ್ಯೂಟಿಗೆ ಹೋದಾಗ ಅವ್ವನ ಬಳಿ ಇರುತ್ತಿದ್ದ ಪಕ್ಕದ ಮನೆಯ ಮಾವಶಿ ಅಲ್ಲೇ ಇದ್ದರು. ನಾನು ಕುಣಿದಾಡಿದೆ.

‘ಇನ್ನ ನೀ ಹೋದ ಮ್ಯಾಲ ನಿಮ್ಮವ್ವನ್ನ ನಾ ಸಂಭಾಳಸ್ತೀನಿ ತಗೋ’ ಎಂದರು ಮಾವಶಿ. ‘ಬಾಯಿ ಬಿಟ್ಟ ಕೇಳಿದ್ರ ಸಾಕು. ಮೂಕಾಗಿ ಮಲಗಿದವರನ್ನ ಹಗಲೂ ರಾತ್ರಿ ನೋಡಿಕೊಳ್ಳೂದು ನನ್ನ ಕೈಲೆ ಆಗ್ತಿದ್ದಿಲ್ಲ.’

‘ಕೇಳಿದೇನವ್ವಾ? ನೀ ಹಿಂಗ ಮಾತಾಡಿದ್ರ ನಾ ನಿಶ್ಚಿಂತಿಲೆ ಹೋಗಿ ಬರತೀನಿ’ ಎಂದೆ.

ಅಂದಿನಿಂದ ಅವ್ವ ಮತ್ತೆ ಮಾತಾಡಲಿಲ್ಲ. ‘ಆಂ’ ಎನ್ನುವುದೂ ನಿಂತಿತು. ಹೀಗೂ ಆಗುತ್ತದೆ, ಕಾಯಿರಿ ಎಂದರು ಡಾಕ್ಟರು. ನಾನು ಕ್ಲಾಸು ಮುಗಿಸಿದೆ, ಪರೀಕ್ಷೆಯೂ ಪಾಸಾಯಿತು. ಇಸ್ರೇಲಿನ ಒಬ್ಬ ಅಜ್ಜಿಗೆ ಆಯಾ ಬೇಕಂತೆ, ಬೇಗ ಹೇಳಿ ಎಂದು ಅಲ್ಲಿಗೆ ಕಳಿಸುವ ಏಜೆಂಟ್ ಫೋನಿನ ಮೇಲೆ ಫೋನು ಮಾಡತೊಡಗಿದ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಡ್ಯೂಟಿ ಬದಲಾಗಿ ಬೇಗ ಮನೆಗೆ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವ್ವ ಮಾವಶಿಯನ್ನು ಕೇಳುತ್ತಿದ್ದಳು.

‘ಅಕೀ ಬಸ್ ಬರೂ ಹೊತ್ತಾತೇನ? ಆಗಿಲ್ಲಂದ್ರ ಒಂದೀಟ ನೀರ ಕೊಡ.’

ನನಗೆ ಮೊದಲು ಬಂದದ್ದು ಸಿಟ್ಟು. ಒಳಗೆ ನುಗ್ಗಿ ಇಬ್ಬರಿಗೂ ಚೆನ್ನಾಗಿ ಬೈಯಬೇಕೆನಿಸಿತು. ಆದರೆ ನುಗ್ಗಲಿಲ್ಲ. ಸಪ್ಪಳಾಗದಂತೆ ಓಣಿಯ ತುದಿಗೆ ಹೋಗಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮುತ್ತ, ಚಪ್ಪಲಿ ಎಳೆಯುತ್ತ ಬಂದೆ. ಅವ್ವ ಗೋಡೆ ನೋಡುತ್ತಿದ್ದಳು. ‘ನೀರ? ಮಾಯಿಮ್?’ ಎಂದು ಚಮಚೆ ಹಿಡಿದೆ. ಆಗಷ್ಟೇ ನೀರು ಕುಡಿದಿದ್ದವಳು ಸುಮ್ಮನೆ ಬಾಯಿ ತೆರೆದಳು.

ಮರುದಿನ ಸೋಲಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಏಜೆಂಟನಿಗೆ ಬರುವುದಿಲ್ಲ ಎಂದು ಹೇಳಿಬಿಟ್ಟೆ. ಮನೆಯಲ್ಲಿ ಹೇಳಲಿಲ್ಲ. ‘ಹೋಗಬ್ಯಾಡ’ ಎಂದು ಅವ್ವ ಒಮ್ಮೆ ಬಾಯಿಬಿಟ್ಟು ಅನ್ನಲಿ, ಆಮೇಲೆ ಹೇಳಿದರಾಯಿತು ಎಂದು ಕಾದೆ. ಅವಳ ಹಟವೇ ನನಗೂ ಬಂದಿದೆ. ಹೀಬ್ರೂ ಬಿಡಲೂ ಇಲ್ಲ. ಹೋಗುವುದೇ ಇಲ್ಲವೆಂದ ಮೇಲೂ ದಿನಾ ಮಾಯಿಮ್, ಲೆಖೆಮ್, ಸ್ಮಿಖಾ ನಡೆದೇ ಇತ್ತು. ಅದೂ ನಿಂತರೆ ಮನೆಯಲ್ಲಿ ಮಾತೇ ಉಳಿಯುತ್ತಿರಲಿಲ್ಲ. ಅದನ್ನು ಕೇಳುತ್ತ ಮಗಳು ಇನ್ನೂ ಹೊರಡುವವಳೇ ಎಂದು ಅವ್ವ ತಿಳಿದುಕೊಂಡಿರಬೇಕು. ತಲೆ ಬಾಚುವಾಗ ಅವಳ ತುಟಿ ಅಲುಗಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಆಗೆಲ್ಲ ನಾನು ಬಾಚಣಿಗೆ ನಿಲ್ಲಿಸಿ ಕಾಯುತ್ತಿದ್ದೆ. ಅವಳು ತುಟಿ ಮುಚ್ಚಿಕೊಳ್ಳುತ್ತಿದ್ದಳು.

ಮಳೆಗಾಲದಲ್ಲಿ ಮತ್ತೊಮ್ಮೆ ಲಕ್ವ ಬಂತು. ನಾನು ಕೆಲಸ ಮಾಡುವ ದವಾಖಾನೆಯಲ್ಲೇ ಅವ್ವ ತೀರಿಕೊಂಡಳು. ಕಡೆಗೂ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಈ ಸಲ ನಿಜವಾಗಿಯೇ ಆಡಲಾರದೆ ಹೋದಳೋ ಏನೋ, ನನಗೆ ತಿಳಿಯುವ ದಾರಿಯಿಲ್ಲ.

ಸೂತಕದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಮಾವಶಿ ತಮ್ಮ ಮನೆಯಿಂದ ಜೋಳದ ರೊಟ್ಟಿ, ಝುಣಕ ತಂದರು. ನಾನು ಮುಟ್ಟಲಿಲ್ಲ. ಅವರು ತಂಬಿಗೆಯಿಂದ ನೀರು ಬಗ್ಗಿಸಿ ಲೋಟ ಮುಂದೆ ಹಿಡಿದರು.

‘ಲೆಖೆಮ್ ಬ್ಯಾಡಂದ್ರ ಬಿಡು. ಮಾಯಿಮ್ ಅರೆ ಕುಡಿ.’

ನಾನು ಅವರ ಮುಖ ನೋಡಿದೆ.

‘ನಿಮ್ಮವ್ವನ ಕಲಿಸ್ಯಾಳ’ ಎಂದು ಮಾವಶಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ‘ನೀ ಬಸ್ ಹತ್ತಿದ ಮ್ಯಾಲ ದಿನಾ ನಿನ್ನ ಮಾತೆಲ್ಲಾ ಅಂದು ತೋರಸ್ತಿದ್ಲು. ತಪ್ಪಿದ್ರ ಮತ್ತ ಮೊದಲಿಂದ. ನಿನಗ ಹೇಳಬ್ಯಾಡಂತ ನನ್ನ ಕಡಿಂದ ಆಣಿ ಮಾಡಿಸಿಕೊಂಡಿದ್ಲು. ಇದೆಲ್ಲಾ ಯಾಕವಾ ಅಂದ್ರ, ಅಕಿ ಕಡೀಕ ಹೋಗಾಕೀನ, ನನ್ನ ಬಿಟ್ಟಂತೂ ಹೋಗಂಗಿಲ್ಲ, ನಾನೂ ಹೊಂಟೀನಿ, ಅಲ್ಲೀ ಮಂದೀನ ನೀರರೆ ಕೇಳಾಕ ಬರಬೇಕಲ್ಲ, ಅಂತಿದ್ಲು.’

ಅಷ್ಟು ದಿನ ನಾನು ಅತ್ತಿರಲಿಲ್ಲ. ಲೋಟ ಕೈಯಲ್ಲಿ ಹಿಡಿದುಕೊಂಡೇ ಅತ್ತೆ. ಮಾವಶಿ ನನ್ನ ಬೆನ್ನು ಸವರುತ್ತ, ಅವ್ವ ಕಲಿಸಿದ್ದ ಹಾಗೆಯೇ, ‘ಲೆಆತ್, ಲೆಆತ್’ ಎನ್ನುತ್ತಿದ್ದರು.