ಮಾಣಿಕ ಕಾಕಾನ ಕಪ್ಪಿ ಗಾಡಿ

ಮಾಣಿಕ ಕಾಕಾನ ಕೈಗೆ ಏನೇ ಸಿಗಲಿ, ಮೊದಲು ಬೆರಳ ಗೆಣ್ಣಿನಿಂದ ಒಂದು ಕುಟ್ಟು ಬೀಳುತ್ತಿತ್ತು. ಕಲ್ಲಂಗಡಿಯಾಗಲಿ, ಬಾಗಿಲಾಗಲಿ, ಲಾರಿಯ ಟ್ಯಾಂಕಾಗಲಿ, ಕುಟ್ಟಿ ಕಿವಿಗೊಟ್ಟ ಮೇಲೆಯೇ ಮಾತು. ನನ್ನನ್ನು ನೋಡಲು ಬಂದ ಗಂಡಿನ ಬೆನ್ನನ್ನೂ ಹಾಗೆಯೇ ಕುಟ್ಟಿ, "ಮಾಲು ಗಟ್ಟಿ ಅದ, ಹುಡುಗೀನ ಕೊಡ್ರಿ" ಅಂದುಬಿಟ್ಟಿದ್ದ. ಒಳಗೆ ನಿಂತಿದ್ದ ನಾನು ನಾಚಿಕೆಯಿಂದ ಅರ್ಧ ಸತ್ತಿದ್ದೆ. ಅಂಥ ಮನುಷ್ಯ!

ಅವನು ನಮ್ಮ ಅಪ್ಪನ ತಮ್ಮ. ಬಸವಕಲ್ಯಾಣದ ಬೈಪಾಸಿನ ಗ್ಯಾರೇಜಿನಲ್ಲಿ ಲಾರಿ ಇಂಜಿನ್ ಬಿಚ್ಚುತ್ತಲೇ ಮುದುಕನಾದವನು. ಹೆಂಡತಿ ಹೋದ ಮೇಲೆ ಗ್ಯಾರೇಜಿನ ಹಿಂದಿನ ಕೋಣೆಯೇ ಮನೆ. ಒಂದು ದಿನ ಮೊಬೈಲಿನಲ್ಲಿ ಯಾವುದೋ ದೇಶದವರು ಹಳೆ ಟ್ರಕ್ಕಿನ ತಲೆ ಕತ್ತರಿಸಿ, ಇಂಜಿನ್ ಬಯಲಿಗಿಟ್ಟು ಓಡಿಸುವುದನ್ನು ನೋಡಿದ. ಅಲ್ಲಿಗೆ ಕೆಟ್ಟ.

"ಹಾಟ್ ರಾಡ್ ಅಂತಾರಂತ ಇದಕ್ಕ. ನಾವ್ಯಾಕ ಮಾಡಬಾರ್ದು? ನಮ್ಮ ಕೈಗೇನು ಮೆಹಂದಿ ಹಚ್ಚೀವೇನು?"

ಹುಮನಾಬಾದಿನ ಗುಜರಿ ಅಂಗಡಿಗಳಿಂದ ವಾರಕ್ಕೊಂದು ಸಾಮಾನು ಬರತೊಡಗಿತು. ಜೀಪಿನ ಚಾಸಿ, ಮೆಟಡೋರಿನ ಇಂಜಿನ್, ಹಿಂದಕ್ಕೆ ಟ್ರ್ಯಾಕ್ಟರ್ ಟ್ರಾಲಿಯ ದೊಡ್ಡ ಗಾಲಿ. ಆದರೆ "ಯಾವ ಗಾಡೀದು? ಅದರಾಗ ಯಾರರ ಸತ್ತಾರೇನು?" ಎಂದು ಕೇಳದೆ ಒಂದು ನಟ್ಟನ್ನೂ ಅವನು ಕೊಳ್ಳುತ್ತಿರಲಿಲ್ಲ. ಜೀವ ಹೋದ ಗಾಡಿಯ ಸಾಮಾನನ್ನು ಮತ್ತೊಂದಕ್ಕೆ ಹಾಕಬಾರದು ಎಂಬುದು ನಮ್ಮ ಕಡೆಯ ಮೇಸ್ತ್ರಿಗಳ ನೇಮ. ಸೀಟಿಗೆ ಕೆಂಪು ರೆಗ್ಜಿನ್ ಹೊಲಿದುಕೊಟ್ಟವಳು ಟೇಲರ್ ಆದ ನಾನೇ. ಮುಂದೆ ಸಣ್ಣ ಗಾಲಿ, ಹಿಂದೆ ದೊಡ್ಡ ಗಾಲಿ, ಹಾರಲು ಕುಳಿತ ಕಪ್ಪೆಯ ಹಾಗೆ ಕಾಣುತ್ತಿತ್ತು. ಎಲ್ಲರ ಬಾಯಲ್ಲೂ ಅದು 'ಕಪ್ಪಿ' ಆಯಿತು.

ಗಾಡಿ ತಯಾರಾದ ದಿನ ಗಾಲಿಗೆ ನಿಂಬೆಹಣ್ಣು ಇಟ್ಟು, ನನ್ನನ್ನು ಎಳೆದು ಕೂಡಿಸಿಕೊಂಡು ನಮ್ಮ ಓಣಿಯತ್ತ ಬಿಟ್ಟ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏ ಮಾಣಿಕಪ್ಪಾ, ಇದಕ್ಕ ಡೀಸೆಲ್ ಹಾಕ್ತೀಯೋ, ಹುಲ್ಲು ಹಾಕ್ತೀಯೋ?" ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಕಾಕಾನೋ, ಮದುಮಗನಂತೆ ಕುಳಿತಿದ್ದ.

"ಇನ್ನೂ ಮಜಾ ತೋರಿಸ್ತೀನಿ ತಡಿ" ಎಂದು ಓಣಿಯ ತಿರುವಿನಲ್ಲಿ ಹಾರ್ನ್ ಒತ್ತಿದ.

ನಮ್ಮ ಓಣಿಯ ತುಂಬ ಲಾರಿ ಡ್ರೈವರುಗಳ ಮನೆಗಳು. ದೂರದ ಟ್ರಿಪ್ಪಿನಿಂದ ಬರುವವರು ಆ ತಿರುವಿನಲ್ಲಿ ತಮ್ಮ ಹಾರ್ನ್ ಬಾರಿಸುತ್ತಾರೆ. ಒಬ್ಬೊಬ್ಬರದೂ ಒಂದೊಂದು ರಾಗ. ಕೇಳಿದ್ದೇ ಮನೆಯವರು ಒಲೆಯ ಮೇಲೆ ಹಂಚು ಇಡುತ್ತಾರೆ, ಬಂದವನಿಗೆ ಬಿಸಿ ರೊಟ್ಟಿ ಸಿಗಲಿ ಎಂದು.

ಆ ಮೂರು ಕೊಳವೆಯ ಹಾರ್ನಿನ ರಾಗ ನನಗೆ ಗೊತ್ತಿದ್ದದ್ದು; ಕಾಕಾನ ತೋಳು ಹಿಡಿದೆ. ಮೂಲೆಮನೆಯ ಶಾಂತಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದಳು.

"ಸುನ್ಯಾ, ಬಂದೇನೋ? ರೊಟ್ಟಿ ಹಂಚಿನ ಮ್ಯಾಲ ಅದ, ಬಾ!"

ಅವಳ ಮಗ ಸುನೀಲ ಲಾರಿ ಉರುಳಿ ಸತ್ತು ಎರಡು ವರ್ಷವಾಗಿತ್ತು. ಆ ಲಾರಿ ಹಾರ್ನ್ ಸಮೇತ ಗುಜರಿಗೆ ಹೋಗಿತ್ತು. ನಗುತ್ತಿದ್ದವರೆಲ್ಲ ತಲೆ ತಗ್ಗಿಸಿದರು. ಕಾಕಾ ಇಂಜಿನ್ ಬಂದ್ ಮಾಡಿದ. ನನ್ನ ಕಡೆ ತಿರುಗಿ, "ಈ ಹಾರ್ನ್ ಯಾವ ಗಾಡೀದಂತ ಕೇಳಲಿಲ್ಲವ್ವಾ ನಾ... ಖುಷಿಯಾಗ ಇದೊಂದು ಕೇಳಲಿಲ್ಲ" ಎಂದ.

ಶಾಂತಾಬಾಯಿ ಗಾಡಿಯನ್ನು ನೋಡಿದಳು, ಹಾರ್ನ್ ನೋಡಿದಳು, ಕಾಕಾನನ್ನು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಮಾಣಿಕಪ್ಪಾ, ರೊಟ್ಟಿ ಆಗ್ಯಾದ. ಉಂಡು ಹೋಗು" ಎಂದಳು.

ಕಾಕಾ ಇಳಿದು ಹೊಸ್ತಿಲ ತನಕ ಹೋದ. ಅಲ್ಲಿಂದಲೇ ಕೈಮುಗಿದು ತಿರುಗಿ ಬಂದ. "ಯಾವ ಮುಖ ಹೊತ್ತು ಉಣ್ಲಿ?" ಎಂದು ಗಾಡಿಯನ್ನು ಚಾಲೂ ಮಾಡದೆ, ಬೈಪಾಸಿನ ತನಕ ನೂಕಿಕೊಂಡೇ ಹೋದ. ನಾನೂ ಹಿಂದಿನಿಂದ ನೂಕಿದೆ. ಎದುರು ಬಂದ ಯಾರನ್ನೂ ನೋಡುವ ಧೈರ್ಯ ನನಗಿರಲಿಲ್ಲ.

ಆ ವಾರವೇ ಕಪ್ಪಿಯನ್ನು ಬಿಚ್ಚಿ ಗುಜರಿಗೆ ಹಾಕಿದ. ಗ್ಯಾರೇಜು ಬಿಟ್ಟು ಹುಡಗಿ ಎಂಬ ಊರಿನಲ್ಲಿದ್ದ ಮಗಳ ಮನೆ ಸೇರಿದ. ಮತ್ತೆ ನಮ್ಮ ಓಣಿಗೆ ಕಾಲಿಡಲಿಲ್ಲ, ನನ್ನ ಮಗಳ ಮದುವೆಗೂ ಬರಲಿಲ್ಲ. ಕೊನೆಯ ಸಲ ಕಂಡಾಗ ಹಾಸಿಗೆ ಹಿಡಿದಿದ್ದ. "ಶಾಂತಾಬಾಯಿ ನನಗ ಬೈತಾಳೇನವ್ವಾ?" ಎಂದು ಕೇಳಿದ.

"ಇಲ್ಲ ಕಾಕಾ. ನಿನ್ನ ಹೆಸರೇ ತೆಗಿಯಂಗಿಲ್ಲ" ಎಂದೆ. ಸಮಾಧಾನಕ್ಕೆಂದೇ ಹೇಳಿದ್ದು.

"ಬೈದಿದ್ರ ಛಲೋ ಇತ್ತು" ಎಂದು ಗೋಡೆಯ ಕಡೆ ಮಗ್ಗಲಾದ.

ಹೋದ ತಿಂಗಳು ಕಾಕಾ ತೀರಿಕೊಂಡ. ಹುಡಗಿಗೆ ಹೊರಟ ನಮ್ಮ ಗಾಡಿಯಲ್ಲಿ ಶಾಂತಾಬಾಯಿಯೂ ಕರೆಯದೇ ಬಂದು ಕುಳಿತಳು. ಏನನ್ನುವಳೋ ಎಂದು ದಾರಿಯುದ್ದಕ್ಕೂ ನಮಗೆಲ್ಲ ಹೆದರಿಕೆ. ಕುಣಿಯ ಹತ್ತಿರ ಹೋಗಿ ಒಂದು ಹಿಡಿ ಮಣ್ಣು ಹಾಕಿದಳು.

"ಎಂಥ ಹಟಮಾರಿಯಪ್ಪಾ ನೀ" ಎಂದಳು. "ಅವತ್ತು ಸುನ್ಯಾನ ಪಾಲಿನ ರೊಟ್ಟಿ ನೀನರ ಉಣ್ತಿ ಅಂತ ತಿಳಿದಿದ್ದೆ. ಹೊಸ್ತಿಲ ತನಕ ಬಂದು ಹಂಗೇ ಹೋದಿ."

ಇಷ್ಟು ವರ್ಷ ಒಂದೇ ಓಣಿಯಲ್ಲಿದ್ದೂ, ಕಾಕಾನ ಮೇಲೆ ಸಿಟ್ಟಿದೆಯಾ ಎಂದು ನಾನು ಅವಳನ್ನು ಒಂದು ಮಾತು ಕೇಳಿರಲಿಲ್ಲ.